ಹುಮ್ಮತನ ಹಗ್ಗ

“ಬಾಯಿ ತೆಗಿಯಲೇ ಹಂಶಹರಿ. ಇನ್ನಷ್ಟು ತೆಗಿ. ಉಣ್ಣಾಕ ಕುಂತಾಗ ಹೊಂಡದಂಗ ತೆಗೀತಿ, ಈಗೇನ್ ಮದಿಮಗಳ ನಾಚಿಕಿ?”

ಮೇಸ್ತ್ರಿ ಆಘಾಬಾಲಾ ತನ್ನ ದಪ್ಪ ಬೆರಳನ್ನು ನನ್ನ ಬಾಯೊಳಗೆ ತೂರಿಸಿ ದವಡೆಯ ಸಂದಿಯನ್ನೆಲ್ಲ ತಡಕಾಡಿದ. ಅವನು ಹುಡುಕುತ್ತಿದ್ದದ್ದು ಬೆಂಕಿಕಡ್ಡಿ. ಬಾಯಿ ಮುಗಿದ ಮೇಲೆ ಪಾದ. ಕುದುರೆಗೆ ಲಾಳ ಕಟ್ಟುವವನ ಹಾಗೆ ಒಂದೊಂದೇ ಕಾಲೆತ್ತಿ ಅಂಗಾಲು ನೋಡಿದ. ಜೋಡಿನಲ್ಲಿ ಕಬ್ಬಿಣದ ಮೊಳೆ ಇದ್ದು, ಅದು ಕಲ್ಲಿಗೆ ತಾಗಿ ಕಿಡಿ ಹಾರಿದರೆ ಬಾವಿಯ ಮಾಲೀಕ ಹಾಜಿಯ ಕಲ್ಲೆಣ್ಣೆಯೆಲ್ಲ ಸುಟ್ಟುಹೋಗುತ್ತದೆ. ನಾವೂ ಸುಡುತ್ತೇವೆ ಎನ್ನುವುದನ್ನು ಯಾರೂ ಹೇಳುತ್ತಿರಲಿಲ್ಲ. ಆದ್ದರಿಂದ ಬರಿಗಾಲು.

ಹಂಶಹರಿ ಅಂದರೆ ‘ನಮ್ಮೂರವನು’ ಎಂದರ್ಥ. ಅರಸ್ ಹೊಳೆ ದಾಟಿ ಇರಾನಿನ ಕಡೆಯಿಂದ ಕೂಲಿಗೆ ಬಂದ ನಾವು ಒಬ್ಬರನ್ನೊಬ್ಬರು ಹಾಗೆ ಕರೆದುಕೊಳ್ಳುತ್ತಿದ್ದೆವು. ಬಾಕು ಪಟ್ಟಣದ ಪಕ್ಕದ ಈ ಎಣ್ಣೆಯೂರು ಬಲಾಖಾನಿಯ ಜನ ಕೇಳಿ ಕೇಳಿ ಅದನ್ನೇ ಬೈಗುಳ ಮಾಡಿಕೊಂಡರು. ಮೇಸ್ತ್ರಿಯ ಅಪ್ಪನೂ ಅದೇ ಹೊಳೆ ದಾಟಿ ಬಂದವನು, ಆದರೆ ನಮಗಿಂತ ಇಪ್ಪತ್ತು ವರ್ಷ ಮುಂಚೆ.

ನನ್ನ ಹಿಂದೆ ಹುಮ್ಮತ್ ನಿಂತಿದ್ದ. ನಮ್ಮೂರು ಖಲ್ಖಾಲಿನಲ್ಲಿ ನಮ್ಮ ಓಣಿಯವನೇ. ನನಗಿಂತ ಹತ್ತು ವರ್ಷ ದೊಡ್ಡವನು. ನನ್ನನ್ನು ಇಲ್ಲಿಗೆ ಕರೆತಂದವನೂ ಅವನೇ, ಮೊದಲ ಚಳಿಗಾಲದಲ್ಲಿ ತನ್ನ ಕಂಬಳಿ ಕೊಟ್ಟವನೂ ಅವನೇ. ಮೇಸ್ತ್ರಿ ಹೇಳುವ ಮೊದಲೇ ಅವನು ಕಿವಿಯವರೆಗೆ ಬಾಯಿ ಅಗಲಿಸಿಕೊಂಡು ನಿಂತ.

“ನೋಡು ಮೇಸ್ತ್ರಿ, ಒಳಗ ಇಪ್ಪತ್ತೇಳ ಹಲ್ಲ ಅದಾವ. ಚೆಂದಗ ಎಣಿಸ್ಕೋ. ಸಂಜಿಕ ಒಂದ ಕಡಿಮಿ ಬಿತ್ತಂದ್ರ ನೀನಾ ಕದ್ದಿ ಅಂತ ಫಿರ್ಯಾದಿ ಕೊಡ್ತೀನಿ.”

“ಬಾಳ ಮಾತಾಡಬ್ಯಾಡ. ಇವತ್ತ ಒಳಗ ಹೋಗಾಂವ ನೀನಾ ಅದಿ. ಅಲ್ಲಿ ಹೋಗಿ ಮಾತಾಡು.”

“ಅಲ್ಲಿ ಬಾಯಿ ತೆಗದ್ರ ನಿಮ್ಮ ಹಾಜೀನ ಎಣ್ಣಿ ಹೊಟ್ಟಿಗಿ ಹೋಗತೈತಿ ಮೇಸ್ತ್ರಿ. ಆಮ್ಯಾಲ ನನ್ನ ಹೊಟ್ಟಿ ಸೀಳಿ ಹಿಂಡಾವ ನೀನಾ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಆಘಾಬಾಲಾ ಬೆರಳನ್ನು ಹುಮ್ಮತನ ಅಂಗಿಗೇ ಒರೆಸಿ ಮುಂದೆ ಹೋದ.

ಹಾಜಿ ಮುತಲ್ಲಿಬನ ಏಳನೆಯ ಬಾವಿ ಒಂಬತ್ತು ದಿನದಿಂದ ಉಕ್ಕುತ್ತಿತ್ತು. ಬಾವಿಯ ಮೇಲೆ ಕಟ್ಟಿದ ಮರದ ಗೋಪುರದ ನೆತ್ತಿ ಮೊದಲ ದಿನವೇ ಹಾರಿಹೋಗಿತ್ತು. ಎಣ್ಣೆ ಗೋಪುರದ ಮೂರರಷ್ಟು ಎತ್ತರ ಎದ್ದು, ಗಾಳಿ ಬಂದ ಕಡೆಗೆ ಬಾಗಿ, ಕರಿಮಳೆಯಾಗಿ ಬೀಳುತ್ತಿತ್ತು. ಅದರೊಡನೆ ಮರಳು, ಮುಷ್ಟಿಗಾತ್ರದ ಕಲ್ಲು. ನಾವು ಮಲಗುವ ಕೊಟ್ಟಿಗೆ ಕಿಟಕಿಯ ತನಕ ಮರಳಲ್ಲಿ ಹೂತಿತ್ತು. ರೊಟ್ಟಿಯಲ್ಲಿ ಎಣ್ಣೆ, ದ್ರಾಕ್ಷಿಯಲ್ಲಿ ಎಣ್ಣೆ, ಕೆಮ್ಮಿದರೆ ಎಣ್ಣೆ. ಒಂಬತ್ತು ದಿನದ ಆ ಮೊರೆತಕ್ಕೆ ನಾವು ಬಾವಿಯ ಬುಡದಲ್ಲಿ ಸನ್ನೆಯಲ್ಲೇ, ದೂರದಲ್ಲಿ ಕೂಗಿ ಮಾತಾಡುವುದನ್ನು ಕಲಿತಿದ್ದೆವು.

ಇದು ದೇವರು ಕೊಟ್ಟ ಶಿಕ್ಷೆಯಲ್ಲ, ಹಾಜಿ ಕೇಳಿ ತಂದದ್ದು. ಬಾವಿ ಕೊರೆಯುವಾಗ ರಷ್ಯದ ಮುದುಕ ಮತ್ವೇಯ್, ಕೊರೆಯುವುದರಲ್ಲಿ ಕೈ ಪಳಗಿದವನು, ಬಾಯಿಗೆ ಬಿಗಿ ಮುಚ್ಚಳ ಕೂರಿಸಿ ಆಮೇಲೆ ಆಳಕ್ಕೆ ಹೋಗೋಣ ಎಂದಿದ್ದ. ಹಾಜಿ ತಲೆಯ ಕರಿಕುರಿ ಟೊಪ್ಪಿಗೆ ಸರಿಮಾಡಿಕೊಂಡು ಕೇಳಿದ್ದ, “ಎಮ್ಮಿ ಹಾಲ ಕೊಡೂಕಿಂತ ಮೊದಲಾ ಕೆಚ್ಚಲಕ್ಕ ಬಿರಡಿ ಹಾಕ್ತಾರೇನೋ ಮುದಕಾ?” ಎಲ್ಲರೂ ನಕ್ಕಿದ್ದರು. ಮಾಲೀಕ ನಕ್ಕಾಗ ನಗುವುದು ಪದ್ಧತಿ, ನಾನೂ ನಕ್ಕಿದ್ದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರ ಗಾದೆ ನೀವು ಕೇಳಿದ್ದೀರಿ. ನಮ್ಮ ಹಾಜಿ ಬಾವಿ ತೋಡಿ ಬೆಂಕಿಗೆ ಕಾಯುವವನು. ಉಕ್ಕಿದ ಮೊದಲ ಮೂರು ದಿನ ಬಾಕುವಿನಿಂದ ನೆಂಟರನ್ನೆಲ್ಲ ಗಾಡಿಗಳಲ್ಲಿ ಕರೆಸಿ ತೋರಿಸಿದ. ನಾಲ್ಕನೆಯ ದಿನ ಹೊಂಡಗಳು ತುಂಬಿ ಎಣ್ಣೆ ಪಕ್ಕದವರ ಉಗಿಯಂತ್ರದ ಒಲೆಯ ಕಡೆ ಹರಿಯಿತು. ಇನ್ನೊಂದು ವಾರದಲ್ಲಿ ಮುಚ್ಚದಿದ್ದರೆ ಬಾವಿಯನ್ನೇ ಕಿತ್ತುಕೊಳ್ಳುತ್ತೇವೆ ಎಂದು ಗವರ್ನರನ ಕಚೇರಿಯಿಂದ ಕಾಗದ ಬಂತು. ಆಗ ಹಾಜಿಗೆ ಮುಚ್ಚಳ ನೆನಪಾಯಿತು.

ಮುಚ್ಚಳ ಅಂದರೆ ಗೇಣುದಪ್ಪದ ಕಬ್ಬಿಣದ ಚಪ್ಪಡಿ. ಎರಡು ಓಕ್ ತೊಲೆಗಳ ಮೇಲೆ ಅದನ್ನು ಪಕ್ಕದಿಂದ ಜಾರಿಸಿ ಬಾವಿಯ ಬಾಯಿಗೆ ತರಬೇಕು. ಉದ್ದ ಗಳುಗಳಿಂದ ಹೊರಗಿನಿಂದಲೇ ನೂಕಬಹುದು. ಆದರೆ ಚಪ್ಪಡಿ ಹಾರಿಹೋಗದಂತೆ ಅದರ ಮೇಲಿನ ಅಡ್ಡತೊಲೆಗೂ ಅದಕ್ಕೂ ನಡುವೆ ಮರದ ಬೆಣೆ ಬಡಿಯಬೇಕಲ್ಲ, ಅದನ್ನು ಹೊರಗೆ ನಿಂತು ಮಾಡಲಾಗುವುದಿಲ್ಲ. ಒಬ್ಬ ಒಳಗೆ ಹೋಗಬೇಕು. ಕಿವಿಗೆ ಕುರಿಕೊಬ್ಬಿನಲ್ಲಿ ಅದ್ದಿದ ಉಣ್ಣೆ, ಮೂಗಿಗೆ ಒದ್ದೆ ಕಂಬಳಿ ತುಂಡು, ಕೈಯಲ್ಲಿ ಮರದ ಕೊಡತಿ, ಕಣ್ಣು ಮುಚ್ಚಿ. ನೂರು ಎಣಿಸುವಷ್ಟು ಹೊತ್ತು ಇರಬಹುದು. ಅದಕ್ಕಿಂತ ಹೆಚ್ಚಾದರೆ ಬಾವಿಯ ಆವಿ ಮೊದಲು ನಗಿಸುತ್ತದೆ, ಆಮೇಲೆ ಮಲಗಿಸುತ್ತದೆ. ಮೊದಲ ಎರಡು ಚಪ್ಪಡಿಗಳನ್ನು ಪೂರ್ತಿ ಕೂರುವ ಮುಂಚೆಯೇ ಮರಳು ಕೊರೆದು ತೂತು ಮಾಡಿತ್ತು. ಇದು ಮೂರನೆಯದು, ಅಡಿಗೆ ಉಕ್ಕಿನ ತಗಡು ಹೊಡೆದದ್ದು.

ಒಳಗೆ ಹೋಗುವವನ ಸೊಂಟಕ್ಕೆ ಹಗ್ಗ ಕಟ್ಟುತ್ತೇವೆ. ಹೊರಗೆ ಅದನ್ನು ಹಿಡಿಯುವವನು ಯಾರು ಎಂದು ಒಳಗೆ ಹೋಗುವವನೇ ಆರಿಸಬೇಕು. ಮೂರು ಸಲ ಜಗ್ಗಿದರೆ ಎಳೆಯಬೇಕು. ಆಗ ಮೇಸ್ತ್ರಿ ಕೂಗಲಿ, ಮಾಲೀಕ ಕೂಗಲಿ, ಹಗ್ಗದವನು ಕೇಳಬಾರದು. ಒಳಗಿದ್ದವನು ಹೊರಗೆ ಬರುವ ತನಕ, ಜೀವವೋ ಹೆಣವೋ, ಹಗ್ಗ ಬಿಟ್ಟು ಏಳಬಾರದು. ಇದು ಯಾರ ಕಾಗದದಲ್ಲೂ ಬರೆದದ್ದಲ್ಲ, ಕೈಯಿಂದ ಬಾವಿ ತೋಡುತ್ತಿದ್ದ ಅಜ್ಜಂದಿರ ಕಾಲದ್ದು. ಹಗ್ಗ ಬಿಟ್ಟವನಿಗೆ ಊರಲ್ಲಿ ಹೆಣ್ಣು ಸಿಗುವುದಿಲ್ಲ, ಸತ್ತರೆ ಹೊರಲು ನಾಲ್ಕು ಹೆಗಲು ಸಿಗುವುದಿಲ್ಲ.

“ವೆರ್ದಿ, ನೀ ಹಿಡಿ,” ಎಂದ ಹುಮ್ಮತ್. ನನ್ನ ಪೂರ್ತಿ ಹೆಸರು ಇಮಾಮ್‌ವೆರ್ದಿ. ಅಷ್ಟುದ್ದ ಕರೆಯಲು ಇಲ್ಲಿ ಯಾರಿಗೂ ಪುರಸೊತ್ತಿಲ್ಲ.

ಅವನ ಹೆಂಡತಿ ಕಿಫಾಯತ್ ಕಾಲುವೆಯ ಅಂಚಿನಲ್ಲಿ ಕೂತು ಹರಿದ ಎಣ್ಣೆಯನ್ನು ಚಿಂದಿಯಲ್ಲಿ ಅದ್ದಿ ಗಡಿಗೆಗೆ ಹಿಂಡುತ್ತಿದ್ದಳು. ಅವಳು ಐದನೆಯ ಹೆಣ್ಣು. ಇನ್ನು ಸಾಕು ಎಂದು ಅಪ್ಪ ಇಟ್ಟ ಹೆಸರು ಅದು. ಹಿಂಡುವುದನ್ನು ನಿಲ್ಲಿಸದೆ ನನ್ನನ್ನು ಕೂಗಿ ಕರೆದಳು.

“ಮೈದುನಾ, ಅವ ಮೂರಾ ಸಲ ಜಗ್ಗತಾನ. ನಾಕನೇದ್ದು ಜಗ್ಗೂ ಜಾತಿ ಅಲ್ಲ ಅವಂದು. ಎಚ್ಚರಿರು.”

“ನನಗ ಹೇಳ್ಬೇಕೇನ ವೈನಿ?”

“ಹೇಳ್ಬೇಕು. ಗಂಡಸರಿಗಿ ಎಲ್ಲಾ ಹೇಳ್ಬೇಕು.”

ಹಾಜಿ ಬಂದ. ಮೈಗೆ ಎಣ್ಣೆ ತಾಗದಂತೆ ಇಬ್ಬರು ಕಾವಲುಗಾರರು ಅವನ ಮೇಲೆ ಕಂಬಳಿ ಹಿಡಿದಿದ್ದರು. ನೂಕಿರಿ ಎಂದು ಕೈಬೀಸಿದ. ಚಪ್ಪಡಿ ಜಾರಿತು. ಹುಮ್ಮತ್ ಒಂದು ಸಲ ಆಕಾಶ ನೋಡಿ, ಗೋಪುರದ ಬಾಗಿಲಿಗೆ ಇಳಿಬಿಟ್ಟ ಚರ್ಮ ಸರಿಸಿ ಒಳಗೆ ಹೋದ. ನಾನು ಎಣಿಸತೊಡಗಿದೆ. ಒಳಗೆ ಕೊಡತಿಯ ಏಟು ಕೇಳಿಸುತ್ತಿರಲಿಲ್ಲ, ಆದರೆ ಹಗ್ಗದ ನಡುಕದಲ್ಲಿ ನನ್ನ ಅಂಗೈಗೆ ತಿಳಿಯುತ್ತಿತ್ತು. ಮೊರೆತ ಕಡಿಮೆಯಾಯಿತು. ಚಪ್ಪಡಿ ಕೂರುತ್ತಿತ್ತು. ಎಂಬತ್ತು. ತೊಂಬತ್ತು. ನೂರಹತ್ತು ಎಣಿಸಿದಾಗ ಹಗ್ಗ ಜಗ್ಗಿತು. ಒಂದು, ಎರಡು, ಮೂರು.

ನಾನು ಎಳೆದೆ.

“ತಡಿ!” ಹಾಜಿ ನನ್ನ ಭುಜದ ಮೇಲೆ ಕೈಯಿಟ್ಟ. “ಇನ್ನೆರಡ ಏಟ ಬಾಕಿ ಐತಿ, ಬುಗ್ಗೀ ಸಪ್ಪಳದಾಗ ಗೊತ್ತಾಗತೈತಿ. ಬೆಣಿ ಕುಂಡ್ರಲಿ. ತಡಿ ಇಮಾಮ್‌ವೆರ್ದಿ.”

ಎಷ್ಟು ಹೊಡೆದಾಡಿದೆ ಎಂದು ಆಮೇಲೆ ಎಲ್ಲರೂ ಕೇಳಿದರು. ಬಹಳ ಹೊಡೆದಾಡಿದೆ ಎಂದು ಹೇಳಿದೆ. ನಿಜ ಹೇಳಬೇಕೆಂದರೆ, ಹಾಜಿ ನನ್ನ ಹೆಸರು ಹಿಡಿದು ಕರೆದಾಗ ನನ್ನ ಕೈ ಸಡಿಲವಾಯಿತು. ಆರು ವರ್ಷದಿಂದ ಅವನ ಬಾವಿಗಳಲ್ಲಿ ದುಡಿದರೂ ನನ್ನ ಹೆಸರು ಅವನಿಗೆ ಗೊತ್ತಿದೆ ಎಂದು ನನಗೆ ತಿಳಿದಿರಲಿಲ್ಲ. ನಾಯಿ ಕೂಡ ಹೆಸರು ಕೇಳಿದರೆ ಬಾಲ ಆಡಿಸುತ್ತದೆ. ಒಂದು ಉಸಿರಿನಷ್ಟು ಹೊತ್ತು ನಾನೂ ಆಡಿಸಿದೆ. ಅಷ್ಟರಲ್ಲಿ ಆಘಾಬಾಲಾ ಹಗ್ಗದ ಮೇಲೆ ಕಾಲೂರಿದ, ಕಾವಲುಗಾರರಿಬ್ಬರು ನನ್ನನ್ನು ಕೆಡವಿ ಬೆನ್ನ ಮೇಲೆ ಕೂತರು.

“ಬಿಡ್ರಲೇ ಸೂಳಿಮಕ್ಕಳ್ರಾ! ಮೂರ ಸಲ ಜಗ್ಗ್ಯಾನ! ಮೂರ ಸಲ!”

ಹಗ್ಗ ಮತ್ತೆ ಜಗ್ಗಿತು. ಮೂರೇ ಸಲ. ಆಮೇಲೆ ಒಳಗೆ ಏನೋ ಗಟ್ಟಿಯಾಗಿ ಕೂತ ಸದ್ದು, ಅದರ ಹಿಂದೆ ಗೋಪುರದ ಗೋಡೆಗೆ ಒಂಬತ್ತು ದಿನ ಮೆತ್ತಿಕೊಂಡಿದ್ದ ಮರಳಿನ ರಾಶಿ ಧೊಪ್ಪನೆ ಕುಸಿದ ಸದ್ದು. ಬುಗ್ಗೆ ನಿಂತಿತು. ಅಷ್ಟು ದಿನದ ಮೇಲೆ ಮೊದಲ ಸಲ ಎಲ್ಲಿಯೋ ಒಂದು ಕತ್ತೆ ಅರಚುವುದು ಕೇಳಿಸಿತು.

“ಅಲ್‌ಹಮ್ದುಲಿಲ್ಲಾ,” ಎಂದ ಹಾಜಿ.

ಹಗ್ಗ ಮರಳೊಳಗೆ ಹೋಗಿತ್ತು. ಎಳೆದರೆ ಬರಲಿಲ್ಲ. ತೋಡಲು ಹೋದವರನ್ನು ಆಘಾಬಾಲಾ ಚಾಟಿ ಹಿಡಿದು ತಡೆದ. ಆ ಮರಳೇ ಕೆಳಗಿನ ಬೆಣೆಯನ್ನು ಹಿಡಿದುಕೊಂಡಿದೆ, ಕದಲಿಸಿದರೆ ಚಪ್ಪಡಿ ಹಾರುತ್ತದೆ ಎಂದ. ಮೇಲೆ ಇನ್ನೂ ಇನ್ನೂರು ಮರಳಿನ ಚೀಲ ಪೇರಿಸುವಂತೆ ನಮಗೇ ಹೇಳಿದ. ನಾವು ಪೇರಿಸಿದೆವು. ಹುಮ್ಮತನ ಮೇಲೆ, ನಮ್ಮ ಕೈಯಿಂದಲೇ.

ಮರುದಿನ ಬೆಳಿಗ್ಗೆ ಕಿಫಾಯತ್ ಹಾಜಿಯ ಜಗಲಿಯ ಕೆಳಗೆ ನಿಂತಳು. ಹಗ್ಗದ ಬಳಿ ನಮ್ಮವರಲ್ಲೊಬ್ಬನನ್ನು ಕೂರಿಸಿ, ತುದಿ ಅವನ ಕೈಗಿಟ್ಟು ನಾನೂ ಹೋದೆ. ಹಾಜಿ ಗಾಲೀಚೆಯ ಮೇಲೆ ಒರಗಿ ಕಲ್ಲಂಗಡಿ ತಿನ್ನುತ್ತಿದ್ದ. ಪಕ್ಕದಲ್ಲಿ ಮೊಲ್ಲಾ ಗಫಾರ್. ಜಗಲಿಯ ಮುಂದೆ ಗುಲಾಬಿ ಗಿಡಗಳಿಗೆ ಮಾಲಿಯೊಬ್ಬ ನೀರು ಹಾಕುತ್ತಿದ್ದ. ಬಲಾಖಾನಿಯಲ್ಲಿ ಎಣ್ಣೆ ಬೇಕಾದರೆ ಬಗ್ಗಿ ಬಾಚಿಕೊಳ್ಳಬಹುದು, ಕುಡಿಯುವ ನೀರು ಮಾತ್ರ ಪೀಪಾಯಿಯಲ್ಲಿ ದೂರದಿಂದ ಬರಬೇಕು. ನಮ್ಮ ಕೊಟ್ಟಿಗೆಗೆ ದಿನಕ್ಕೆ ಒಂದೇ ಗಡಿಗೆ.

“ನನ್ನ ಗಂಡನ್ನ ಕೊಡ್ರಿ,” ಎಂದಳು ಕಿಫಾಯತ್. “ಮೂರ ಸಲ ತೊಳದು ಮಣ್ಣ ಮಾಡ್ತೀವಿ.”

“ಮಣ್ಣ ಆಗ್ಯಾನಲ್ಲವಾ,” ಎಂದ ಹಾಜಿ, ಬೀಜ ಉಗುಳಿ. “ನೀ ಮಾಡೂದಕ್ಕಿಂತ ಛಲೋ ಆಗ್ಯಾನ. ಎಣ್ಣಿ ಕುಡದ ಮಳಲು, ನೂರ ವರ್ಷ ಆದ್ರೂ ಹುಳ ಮುಟ್ಟೂದಿಲ್ಲ. ನಮ್ಮಪ್ಪಗೂ ಅಂಥಾ ಗೋರಿ ಸಿಕ್ಕಿಲ್ಲ.”

“ಹಂಗಂದ್ರ ನಿಮ್ಮಪ್ಪನ್ನ ಅಲ್ಲಿ ತಂದ ಹಾಕ್ರಿ. ನನ್ನ ಗಂಡನ್ನ ನನಗ ಕೊಡ್ರಿ.”

ಮೊಲ್ಲಾ ಗಂಟಲು ಸರಿಮಾಡಿಕೊಂಡ. “ತಿಳವಳಿಕಿ ಇಲ್ಲದಾಕಿ, ಬಾಯಿ ಬಿಗಿ ಹಿಡಿ. ನೀರ ಸಿಗಲಾರದ ಕಡೆ ಮಣ್ಣಿಂದಾನ ಸ್ನಾನ ಆಗತೈತಿ ಅಂತ ಶರೀಯತ್ತಿನ್ಯಾಗ ಐತಿ. ಅವಗ ಅಲ್ಲಾನಾ ಮಣ್ಣ ಹಾಕ್ಯಾನ.”

“ಅಲ್ಲಾ ಹಾಕಿಲ್ಲ ಮೊಲ್ಲಾ, ಮೇಸ್ತ್ರಿ ಹಾಕಿಸ್ಯಾನ. ನೀರ ಸಿಗಲಾರದ ಕಡೆ ಅಂದ್ರಿ,” ಅವಳು ಗುಲಾಬಿ ಗಿಡದ ಕಡೆ ಗದ್ದ ಎತ್ತಿದಳು. “ಈ ಮುಳ್ಳಿಗೆ ಸಿಕ್ಕೈತಿ. ಮುಖ ಯಾವ ಕಡೆ ಐತಿ ಅಂತ ನೋಡೀರೇನು? ಮಕ್ಕಾದ ಕಡೆ ಐತೋ, ಹಾಜೀನ ಕಡೆ ಐತೋ?”

ಮೊಲ್ಲಾ ಹಾಜಿಯ ಮುಖ ನೋಡಿದ. ಶರೀಯತ್ತಿನಲ್ಲಿ ಇಲ್ಲದ್ದನ್ನೆಲ್ಲ ಅವನು ಅಲ್ಲೇ ಹುಡುಕುವುದು.

ಹಾಜಿಗೆ ಸಿಟ್ಟು ಬರಲಿಲ್ಲ. ನಮ್ಮ ಮೇಲೆ ಸಿಟ್ಟು ಮಾಡುವಷ್ಟು ಲೆಕ್ಕಕ್ಕೆ ನಾವು ಇರಲಿಲ್ಲ. “ನಾಳಿ ಶುಕ್ರವಾರ ಬಾವಿ ಹತ್ರ ಊಟ ಐತಿ. ಬಾಕೂದಿಂದ ದೊಡ್ಡ ಮಂದಿ ಬರತಾರ, ಪೊಲೀಸ್ ಸಾಹೇಬ ಬರತಾನ, ಫೋಟೋ ತೆಗಿಯಾವ ಬರತಾನ. ಕುರಿ ಕೊಯ್ತೀವಿ. ತಲಿ ಕಾಲು ನಿನಗ ಕೊಡಾಕ ಹೇಳ್ತೀನಿ. ಇಮಾಮ್‌ವೆರ್ದಿ, ನೀ ನಾಳಿಂದ ಹುಮ್ಮತನ ಜಾಗಾಕ ಬಾ. ಈಕಿನ್ನ ಕರಕೊಂಡ ಹೋಗು.”

ಎರಡನೆಯ ಸಲ ಹೆಸರು ಹಿಡಿದು ಕರೆದ. ಈ ಸಲ ನಾನು ಬಾಲ ಆಡಿಸಲಿಲ್ಲ.

ನಾನು ವಾಪಸು ಹೋಗಿ ಹಗ್ಗದ ತುದಿ ಹಿಡಿದು ಗೋಪುರದ ಬಾಗಿಲ ಬಳಿ ಕೂತೆ. ಗುರುವಾರವೆಲ್ಲ ಕೂತೆ. ಕಿಫಾಯತ್ ಊಟ ತಂದಿಟ್ಟು ಹೋದಳು, ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹಗ್ಗ ಹಿಡಿಯುವ ಕೆಲಸದ ನಮ್ಮವರು ಆರು ಜನ ದೂರದಿಂದ ನೋಡಿ ತಲೆ ತಗ್ಗಿಸಿ ಹೋಗುತ್ತಿದ್ದರು. ಮೂರು ಸಲಕ್ಕೆ ಎಳೆಯದವನ ಜೊತೆ ಏನು ಮಾತಾಡುವುದು? ಆದರೂ ನಾನು ಹಗ್ಗ ಬಿಟ್ಟಿಲ್ಲ ಎನ್ನುವುದನ್ನು ಅವರು ನೋಡುತ್ತಿದ್ದರು.

ಶುಕ್ರವಾರ ನಮಾಜು ಮುಗಿದ ಮೇಲೆ ಗಾಡಿಗಳು ಬಂದವು. ಗಾಳಿ ಬರುವ ಬದಿಯಲ್ಲಿ, ಗೋಪುರದಿಂದ ಇನ್ನೂರು ಹೆಜ್ಜೆ ದೂರ, ಬಿಳಿ ಡೇರೆ ಹಾಕಿದ್ದರು. ಬಿಳಿ ಅಂಗಿ, ಬಿಳಿ ಛತ್ರಿ, ಬಿಳಿ ಕೈಗವಸು. ಎಣ್ಣೆಯ ಊರಿಗೆ ಬರುವಾಗ ಬಿಳಿ ತೊಡಬೇಕು ಎಂದು ಅವರಿಗೆ ಯಾರು ಹೇಳಿಕೊಟ್ಟರೋ. ಡೇರೆಯ ಮುಂದೆ ಮೇಜು, ಮೇಜಿನ ಮೇಲೆ ಹಿತ್ತಾಳೆಯ ದೊಡ್ಡ ಸಮೋವಾರ್. ಅದರ ಹೊಟ್ಟೆಯಲ್ಲಿ ಚಹಾಕ್ಕೆ ನೀರು, ನಡುವಿನ ಕೊಳವೆಯಲ್ಲಿ ನಿಗಿನಿಗಿ ಕೆಂಡ. ನಮ್ಮ ಬಾಯೊಳಗೆ ಬೆರಳು ಹಾಕಿ ಬೆಂಕಿಕಡ್ಡಿ ಹುಡುಕುವ ಆಘಾಬಾಲಾನೇ ಚಿಮಟದಲ್ಲಿ ಆ ಕೆಂಡ ತಂದು ತುಂಬಿದ. ಪೊಲೀಸ್ ಸಾಹೇಬ ಹೊಳೆಯುವ ಬೂಟು ಚಾಚಿಕೊಂಡು ಕೂತಿದ್ದ.

ಫೋಟೋದವನು ಮುಕ್ಕಾಲಿಯ ಮೇಲೆ ಪೆಟ್ಟಿಗೆ ನಿಲ್ಲಿಸಿ, ಕರಿಬಟ್ಟೆಯೊಳಗೆ ತಲೆ ತೂರಿಸಿ, ಮತ್ತೆ ಹೊರಗೆ ತೆಗೆದು ಹಾಜಿಗೆ ಏನೋ ಹೇಳಿದ. ಆಘಾಬಾಲಾ ನನ್ನ ಬಳಿ ಬಂದ.

“ಏಳಲೇ. ಫೋಟೋದಾಗ ನೀ ಬರತಿ, ಈ ಹಗ್ಗ ಬರತೈತಿ. ಹೊಲಸ ಕಾಣತೈತಂತ.”

“ನಾ ಏಳಾಂಗಿಲ್ಲ.”

“ಸತ್ತಾಂವ ಈಗ ಜಗ್ಗತಾನೇನಲೇ ಮಂಗ್ಯಾ?”

ಸೊಂಟದಿಂದ ಹಿತ್ತಾಳೆಯ ಚೂರಿ ತೆಗೆದು, ಗೋಡೆಯ ಬಳಿ ಬಗ್ಗಿ, ಹಗ್ಗ ಕೊಯ್ದ. ಈರುಳ್ಳಿ ಕೊಯ್ದಷ್ಟು ಸುಲಭವಾಗಿ. ತುದಿ ನನ್ನ ಕೈಯಲ್ಲಿ ಉಳಿಯಿತು.

ಹುಮ್ಮತ್ ಸತ್ತಾಗ ಸುಮ್ಮನಿದ್ದ ಜನ. ಚೀಲ ಪೇರಿಸು ಎಂದಾಗ ಪೇರಿಸಿದ ಜನ. ಕುರಿಯ ತಲೆ ಯಾರಿಗೆ, ಕಾಲು ಯಾರಿಗೆ ಎಂದು ಬೆಳಿಗ್ಗೆಯಿಂದ ಮಾತಾಡಿಕೊಂಡಿದ್ದ ಜನ. ಅವರೆದುರು ಹಗ್ಗ ಕೊಯ್ದಾಗ ಯಾರೋ ತಾಯಿಯನ್ನು ಬೈದಂತೆ ಎಲ್ಲರೂ ಒಮ್ಮೆಲೇ ತಲೆ ಎತ್ತಿದರು. ಆ ಆರು ಜನ ಬಂದರು. ಯಾರೂ ಯಾರನ್ನೂ ಕರೆದಿರಲಿಲ್ಲ. ಕೈಯಲ್ಲಿ ಮರದ ಸಲಿಕೆಗಳಿದ್ದವು. ಅವರಲ್ಲಿ ಹಿರಿಯನಾದ ಶಿರಾಲಿ ಆಘಾಬಾಲಾನ ಎದೆಗೆ ಸಲಿಕೆಯ ಹಿಡಿ ಒತ್ತಿ ಪಕ್ಕಕ್ಕೆ ಸರಿಸಿದ.

“ದೂರ ಸರಿ ಮೇಸ್ತ್ರಿ. ನೀ ಹಗ್ಗ ಕೊಯ್ದಿ.”

“ಹುಚ್ಚ ಹಿಡದೈತೇನ್ರಲೇ? ಬೆಣಿ ಹೋಗತೈತಿ!”

“ಹೋಗ್ಲಿ.”

ಚೀಲ ಎಳೆದು ಎಳೆದು ಎಸೆದೆವು. ಆಮೇಲೆ ಮರಳು. ಹಗ್ಗ ಹೋದ ದಾರಿ ಹಿಡಿದು ತೋಡಿದೆವು. ಹೊರಗೆ ಹಾಜಿ ಕೂಗುತ್ತಿದ್ದ. ಕಾವಲುಗಾರರು ಬಾಗಿಲ ತನಕ ಓಡಿಬಂದವರು ಚಪ್ಪಡಿ ಒಮ್ಮೆ ನರಳಿದ್ದನ್ನು ಕೇಳಿ ಅಲ್ಲಿಂದಲೇ ತಿರುಗಿ ಓಡಿದರು. ಮುರಿದ ಹಲಗೆಗಳ ಸಂದಿಯಿಂದ ನನಗೆ ಡೇರೆ ಕಾಣುತ್ತಿತ್ತು. ಅತಿಥಿಗಳು ಇದನ್ನೂ ತಮಗಾಗಿ ಏರ್ಪಡಿಸಿದ ಆಟ ಎಂದುಕೊಂಡಿರಬೇಕು. ಛತ್ರಿಯ ಹೆಂಗಸೊಬ್ಬಳು ಚಪ್ಪಾಳೆ ತಟ್ಟಿದಳು.

ಎದೆಮಟ್ಟ ತೋಡಿದಾಗ ಅವನ ಬೆನ್ನು ಸಿಕ್ಕಿತು.

ಹುಮ್ಮತ್ ಮಂಡಿಯೂರಿ ಕೂತಿದ್ದ. ಕೊಡತಿ ಕೈಯಲ್ಲೇ ಇತ್ತು. ಬೆಣೆ ಅರ್ಧ ಮಾತ್ರ ಒಳಗೆ ಹೋಗಿತ್ತು, ಉಳಿದರ್ಧಕ್ಕೆ ಅವನ ಭುಜ ಆತುಕೊಂಡಿತ್ತು. ಉಸಿರು ಹೋಗುವ ಮುಂಚೆ ಆಸರೆಗೆ ಒರಗಿದನೋ, ಮರಳು ಬಿದ್ದು ನೂಕಿತೋ, ನಮಗೆ ತಿಳಿಯಲಿಲ್ಲ. ಎರಡು ದಿನದಿಂದ ಹಾಜಿಯ ಬಾವಿಯನ್ನು ಹಿಡಿದುಕೊಂಡಿದ್ದದ್ದು ಮರಳಲ್ಲ, ಅವನು. ಸತ್ತ ಮೇಲೂ ಅವನಿಂದ ಕೂಲಿ ಮಾಡಿಸಿಕೊಂಡಿದ್ದರು.

ಶಿರಾಲಿ ನನ್ನ ಮುಖ ನೋಡಿದ. “ಇವನ್ನ ತಗದ್ರ ಬೆಣಿ ಬೀಳತೈತಿ. ಬೆಣಿ ಬಿದ್ರ ಐದ ಎಣಿಸೂದ್ರಾಗ ನಾವು ಹೊರಗಿರಬೇಕು. ನೀ ಹಗ್ಗದವ. ನೀ ಹೇಳು.”

ಅವನ ಸೊಂಟದ ಹಗ್ಗದ ಕೊಯ್ದ ತುದಿಗೆ ನನ್ನ ಕೈಯಲ್ಲಿದ್ದ ಹಗ್ಗದ ತುಂಡನ್ನು ಗಂಟು ಹಾಕಿದೆ. ಎಣ್ಣೆ ಕುಡಿದ ಹಗ್ಗ, ಎರಡು ಸಲ ಗಂಟು ಜಾರಿತು. ಆರು ಜನವೂ ಬಾಗಿಲಾಚೆ ಹೋಗಿ ಹಗ್ಗ ಹಿಡಿದರು. ನಾನು ಹುಮ್ಮತನ ತಲೆಗೆ ನನ್ನ ಟೊಪ್ಪಿಗೆ ಹಾಕಿದೆ. ಅವನ ಕಿವಿಯಲ್ಲಿ ಇನ್ನೂ ಉಣ್ಣೆ ಇತ್ತು, ಆದರೂ ಹೇಳಿದೆ, “ಅಣ್ಣಾ, ತಡಾ ಆತು.” ಆಮೇಲೆ ಹೊರಗೆ ಬಂದು ಹಗ್ಗಕ್ಕೆ ಕೈ ಹಚ್ಚಿದೆ.

ನಾನೇ ಕೂಗಿದೆ. ಒಂದು. ಎರಡು. ಮೂರು.

ಅವನು ಬಂದ. ಅವನ ಹಿಂದೆಯೇ ಬೆಣೆ ಚಿಮ್ಮಿ ಹಲಗೆ ಸೀಳಿಕೊಂಡು ಹೋಯಿತು. ಅವನನ್ನು ಎತ್ತಿಕೊಂಡು ನಲವತ್ತು ಹೆಜ್ಜೆ ಓಡಿರಬಹುದು. ಚಪ್ಪಡಿ ಒಂದು ಬದಿಗೆ ಎದ್ದು, ಅಡ್ಡತೊಲೆ ಮುರಿದು, ಗೋಪುರದ ಉಳಿದ ಅರ್ಧವನ್ನೂ ಹೊತ್ತುಕೊಂಡು ಮೇಲೆ ಹೋಯಿತು. ಎರಡು ದಿನ ಗಂಟಲು ಹಿಚುಕಿಸಿಕೊಂಡ ಬಾವಿ ಅದು. ಮೊದಲಿನದಕ್ಕಿಂತ ಎತ್ತರಕ್ಕೆ ಎದ್ದಿತು. ಕಿಡಿ ಹಾರದೆ ಇದ್ದದ್ದು ನಮ್ಮ ಪುಣ್ಯ.

ಅಷ್ಟು ಎತ್ತರಕ್ಕೆ ಹೋದ ಎಣ್ಣೆಗೆ ಗಾಳಿಯ ಬದಿ ಯಾವುದು ಎಂಬ ಮರ್ಯಾದೆ ಇರುವುದಿಲ್ಲ. ಡೇರೆಯ ಮೇಲೂ ಸುರಿಯಿತು. ಬಿಳಿ ಛತ್ರಿಗಳು ಕ್ಷಣದಲ್ಲಿ ಕಾಗೆಗಳಾದವು. ಬಾಕುವಿನ ದೊಡ್ಡ ಮಂದಿ ಜಾರಿ ಬಿದ್ದು, ಒಬ್ಬರನ್ನೊಬ್ಬರು ತುಳಿದು, ಗಾಡಿಗಳಿಗೆ ಓಡಿದರು. ಎಲ್ಲರಿಗಿಂತ ಮುಂದೆ ನಿಲುವಂಗಿ ಎತ್ತಿಕೊಂಡು ಮೊಲ್ಲಾ ಗಫಾರ್ ಓಡಿದ. ಹಾಜಿ ಟೊಪ್ಪಿಗೆ ಕಳೆದುಕೊಂಡು, ಎರಡೂ ಕೈ ಮೇಲೆತ್ತಿ, ಆಕಾಶಕ್ಕೆ ಹೋಗುತ್ತಿರುವುದನ್ನು ಹಿಡಿಯುವವನ ಹಾಗೆ ನಿಂತಿದ್ದ. ಎಣ್ಣೆ ಮೆತ್ತಿದ ಮೇಲೆ ಅವನು ಥೇಟ್ ಹಂಶಹರಿಯ ಹಾಗೇ ಕಂಡ.

ಮೇಜಿನ ಮೇಲೆ ಸಮೋವಾರ್ ಹಾಗೇ ಉಳಿದಿತ್ತು. ಕೊಳವೆಯಿಂದ ಹೊಗೆ ಏಳುತ್ತಿತ್ತು. ಒಳಗೆ ಕೆಂಡ, ಸುತ್ತ ಎಣ್ಣೆಯ ಮಳೆ. ಇಷ್ಟು ಜನರಲ್ಲಿ ಒಬ್ಬನಿಗೂ ಅದರ ನೆನಪಿರಲಿಲ್ಲ. ಅದು ಹತ್ತಿದರೆ ಬಲಾಖಾನಿಯೇ ಹತ್ತುತ್ತದೆ.

ಓಡುವ ಜನರಿಗೆ ಎದುರಾಗಿ ಕಿಫಾಯತ್ ಓಡುತ್ತಿದ್ದಳು. ಡೇರೆಯ ಕೆಳಗಿನ ಒಣ ಮರಳನ್ನು ಲಂಗದಲ್ಲಿ ಬಾಚಿ ಬಾಚಿ ಕೊಳವೆಯೊಳಗೆ ಸುರಿದಳು. ಹೊಗೆ ನಿಂತಿತು. ಕೊಳವೆಯ ಮೇಲೆ ಅಂಗೈಯಿಟ್ಟು, ಸುಡುವುದು ಮುಗಿಯಿತೇ ಎಂದು ನೋಡಿದಳು. ಆಮೇಲೆ ಅದರ ಎರಡೂ ಕಿವಿ ಹಿಡಿದು ಎತ್ತಿ, ಕೂಸನ್ನು ಎತ್ತಿಕೊಂಡಂತೆ ಸೊಂಟದ ಮೇಲಿಟ್ಟುಕೊಂಡು, ನಮ್ಮ ಕಡೆ ನಡೆದು ಬಂದಳು.

ಹುಮ್ಮತನನ್ನು ಮಲಗಿಸಿದ್ದೆವು. ಅವಳು ಅವನ ಕಾಲು ಹಿಡಿದು ಸ್ವಲ್ಪ ಎಳೆದು ಮಕ್ಕಾದ ಕಡೆಗೆ ದಿಕ್ಕು ಸರಿಮಾಡಿದಳು. ಕಿವಿಯ ಉಣ್ಣೆ ತೆಗೆದಳು. ಸಮೋವಾರಿನ ನಲ್ಲಿ ತಿರುಗಿಸಿ, ಮೊದಲ ನೀರು ಕೈಗೆ ಹಿಡಿದು ಬಿಸಿ ನೋಡಿ, ಅವನ ಮುಖ ತೊಳೆಯತೊಡಗಿದಳು. ಹಣೆ ಬೆಳ್ಳಗೆ ಕಂಡಿತು. ಅಷ್ಟರಲ್ಲಿ ಮೇಲಿನಿಂದ ಹನಿ ಬಿದ್ದು ಮತ್ತೆ ಕರಿಯಾಯಿತು. ನಾವು ಏಳು ಜನ ಅಂಗಿ ಬಿಚ್ಚಿ ಅವರಿಬ್ಬರ ಮೇಲೆ ಹಿಡಿದು ನಿಂತೆವು. ಅವಳು ಎರಡನೆಯ ಸಲ ತೊಳೆದಳು.

“ಬಿಗಿ ಹಿಡಿ ಮೈದುನಾ, ಸಡಿಲ ಬಿಡಬ್ಯಾಡ,” ಎಂದಳು. ಹುಮ್ಮತ್ ಸತ್ತ ಮೇಲೆ ನನ್ನೊಡನೆ ಅವಳು ಆಡಿದ ಮೊದಲ ಮಾತು ಅದು. ನಾನು ಅಂಗಿಯ ಮೂಲೆಯನ್ನು ಎರಡೂ ಕೈಯಿಂದ ಹಿಡಿದೆ. ಅಳು ಬಂತು, ಅತ್ತೆ.

ಪೊಲೀಸ್ ಸಾಹೇಬ ನಾಲ್ವರು ಸಿಪಾಯಿಗಳೊಂದಿಗೆ ಬಂದ. ಮುಖದ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ನಮ್ಮ ಭಾಷೆಯನ್ನು ಅವನು ಹರಕುಮುರುಕಾಗಿ ಆಡುತ್ತಿದ್ದ.

“ಯಾರ ಹುಕುಂ? ಯಾರು ಮಾಡಿದ್ದು? ಹೆಸರು!”

ನಾವು ಅಂಗಿಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆವು. ಅವನು ಇನ್ನೊಂದು ಹೆಜ್ಜೆ ಮುಂದಿಟ್ಟ. ಬೂಟಿನ ಅಡಿ ಕಲ್ಲಿಗೆ ಉಜ್ಜಿ ಕರಕರ ಎಂದಿತು.

ಕಿಫಾಯತ್ ತಲೆ ಎತ್ತಿದಳು.

“ಅಲ್ಲೇ ನಿಂದರು. ಬೂಟಿನ್ಯಾಗ ಕಬ್ಬಣದ ಮೊಳಿ ಅದಾವ. ತಗದ ಬಾ.”

ಸಾಹೇಬ ಅವಳನ್ನು ನೋಡಿದ. ಬುಗ್ಗೆಯನ್ನು ನೋಡಿದ. ತನ್ನ ಕಾಲ ಕೆಳಗೆ ಹರಿಯುತ್ತಿದ್ದ ಎಣ್ಣೆಯನ್ನು ನೋಡಿದ. ಸಿಪಾಯಿಗಳು ಆಗಲೇ ಒಂದೊಂದು ಹೆಜ್ಜೆ ಹಿಂದೆ ಸರಿದಿದ್ದರು. ಅವನು ಒಬ್ಬನ ಹೆಗಲು ಹಿಡಿದುಕೊಂಡು, ಒಂಟಿಕಾಲಲ್ಲಿ ನಿಂತು, ಬಗ್ಗಿ, ಬೂಟು ಎಳೆಯತೊಡಗಿದ. ಎಣ್ಣೆಗೆ ಕೈ ಜಾರುತ್ತಿತ್ತು.

ಕಿಫಾಯತ್ ಮೂರನೆಯ ಸಲಕ್ಕೆ ನಲ್ಲಿ ತಿರುಗಿಸಿದಳು.